ಮಾಮನ ಕಿವಿ, ಗೇಜಿನ ಮುಳ್ಳು

ಗ್ಯಾರೇಜು ಇಟ್ಟವನಿಗೆ ನಗುವುದಕ್ಕೆ ನಾಟಕ, ಸಿನಿಮಾ ಯಾವುದೂ ಬೇಡ. ಬಾನೆಟ್ ಎತ್ತಿ ನಿಂತರೆ ಸಾಕು, ಏನಾದರೊಂದು ತಾನಾಗಿಯೇ ನಡೆಯುತ್ತದೆ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಸಿರುಗುಪ್ಪ ರಸ್ತೆಯ ಪಕ್ಕ ನಮ್ಮದೊಂದು ತಗಡಿನ ಗ್ಯಾರೇಜು ಇತ್ತು. ಅಲ್ಲಿ ನಡೆದದ್ದೆಲ್ಲ ಹೀಗೆ ತಾನಾಗಿ ನಡೆದದ್ದೇ. ಹೇಳುವಾಗ ನಾನೂ ನಗುತ್ತೇನೆ. ಆದರೆ ಈ ಪ್ರಸಂಗಗಳ ಹಿಂದೆ ಒಂದು ಸಂಕಟ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಬರೀ ನಕ್ಕು ಎದ್ದುಹೋಗುತ್ತೀರಿ.

ಗ್ಯಾರೇಜು ನನ್ನ ಅಕ್ಕನ ಗಂಡನದು. ನನಗೆ ಅವನು ಮಾಮ, ಊರಿಗೆ ಮೇಸ್ತ್ರಿ. ನಾನು ಅವನ ಜೊತೆಗೇ ಕೆಲಸ ಮಾಡುತ್ತಿದ್ದೆ. ಮಾಮನಿಗೆ ಹೆಸರು ತಂದುಕೊಟ್ಟದ್ದು ಅವನ ಕಿವಿ. ಕಾರಿನ ಇಂಜಿನ್ನಿಗೆ ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆತು ಹೋಗಬೇಕು. ಪೆಟ್ರೋಲು ಹೆಚ್ಚಾದರೆ ಕರಿ ಹೊಗೆ, ಗಾಳಿ ಹೆಚ್ಚಾದರೆ ಕೆಮ್ಮು. ಆ ಹದ ಕೂಡಿಸುವುದಕ್ಕೆ ಕಾರ್ಬೊರೇಟರಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಮಾಮ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಇಂಜಿನ್ನಿನ ಸದ್ದು ಕೇಳುತ್ತ ಆ ಸ್ಕ್ರೂ ತಿರುಗಿಸುತ್ತಿದ್ದ. ಹೆಂಗಸರು ಅನ್ನದ ಅಗುಳು ಹಿಚುಕಿ ಬೆಂದದ್ದು ತಿಳಿಯುವಂತೆ ಅವನಿಗೆ ಸದ್ದಿನಲ್ಲೇ ಹದ ತಿಳಿಯುತ್ತಿತ್ತು. ಮೋಕದಿಂದ, ಕೊಳಗಲ್ಲಿನಿಂದ, ಆ ಕಡೆ ಆಂಧ್ರದಿಂದಲೂ ಗಾಡಿಗಳು ಹುಡುಕಿಕೊಂಡು ಬರುತ್ತಿದ್ದವು.

ಆ ಕಿವಿ ಹೋಯಿತು. ವರ್ಷಾನುಗಟ್ಟಲೆ ಲಾರಿ ಇಂಜಿನ್ನಿನ ಬಾಯಲ್ಲಿ ತಲೆ ಇಟ್ಟಿದ್ದಕ್ಕೋ, ತಗಡು ಬಡಿದದ್ದಕ್ಕೋ, ದೇವರೇ ಬಲ್ಲ. ಒಳಗಿನ ನರವೇ ಸಾಯುತ್ತಿದೆ, ಕಿವಿಗೆ ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದರು. ಮನೆಗೆ ಬಂದ ಮಾಮ ಅಕ್ಕನನ್ನೂ ನನ್ನನ್ನೂ ಮುಂದೆ ಕೂಡಿಸಿಕೊಂಡು ಹೇಳಿದ: "ಕಿವುಡ ಮೇಸ್ತ್ರಿ ಅಂತ ಊರಾಗ ಒಬ್ಬ ಅಂದ್ರೂ ಸಾಕು, ಅವತ್ತಿನಿಂದ ನಾ ಬಾನೆಟ್ ಮುಟ್ಟಂಗಿಲ್ಲ. ಮನ್ಯಾಗ ಕುಂದರ್ತೀನಿ."

ಮಾಮ ಮನೆಯಲ್ಲಿ ಕುಳಿತರೆ ಹೆಚ್ಚು ದಿನ ಬದುಕುವುದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನಿಗೆ ಬೇರೆ ಸುಖವೇ ಇರಲಿಲ್ಲ. ಆದ್ದರಿಂದ ಊರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ನಮ್ಮಿಬ್ಬರ ಕೆಲಸವಾಯಿತು. ಇನ್ನು ಮುಂದಿನದೆಲ್ಲ ಆ ಕೆಲಸದ ಕಥೆ.

ಹಲ್ಲಿನ ವಿದ್ಯೆ

ಕಿವಿ ಪೂರ್ತಿ ಹೋಗುವ ಮುಂಚೆ ಕೆಲವು ತಿಂಗಳು ಅದು ಹೋಗಿ ಬಂದು ಮಾಡುತ್ತಿತ್ತು. ಆಗ ಮಾಮ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದ. ಇದು ಎಲ್ಲ ಮೆಕ್ಯಾನಿಕ್ಕುಗಳೂ ಮಾಡುವುದೇ. ಅದೂ ಸಾಲದಾದಾಗ ಒಂದು ದಿನ ಕೈಯಲ್ಲಿ ಬೇರೆ ಸಾಮಾನು ಇದ್ದುದರಿಂದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಕಚ್ಚಿಕೊಂಡವನು ಹಾಗೆಯೇ ನಿಂತುಬಿಟ್ಟ. ಕಿವಿಗೆ ಬಾರದ ಸದ್ದು ಹಲ್ಲಿನಿಂದ ತಲೆಯೊಳಗೆ ಬರುತ್ತಿತ್ತು. ಅವನ ಮುಖ ಅರಳಿದ್ದನ್ನು ನಾನು ಅನೇಕ ದಿನಗಳ ಮೇಲೆ ನೋಡಿದೆ.

ಅವತ್ತಿನಿಂದ ಮಾಮ ಸ್ಕ್ರೂಡ್ರೈವರ್ ಕಚ್ಚಿಯೇ ಇಂಜಿನ್ ನೋಡತೊಡಗಿದ. ರಸ್ತೆಯುದ್ದಕ್ಕೂ ಇದ್ದ ಗ್ಯಾರೇಜಿನವರು ಇದನ್ನು ನೋಡಿದರು. ಮೇಸ್ತ್ರಿ ಮಾಡುತ್ತಾನೆ ಎಂದರೆ ಅದರಲ್ಲಿ ಏನೋ ಇದೆ ಎಂದುಕೊಂಡರು. ವಾರ ಕಳೆಯುವುದರೊಳಗೆ ಆ ಸಾಲಿನ ಮೆಕ್ಯಾನಿಕ್ಕುಗಳೆಲ್ಲ ಸ್ಕ್ರೂಡ್ರೈವರ್ ಕಚ್ಚಿಕೊಂಡು ನಿಂತರು. ಏನು ತಿಳಿಯಿತು ಎಂದು ಯಾರಾದರೂ ಕೇಳಿದರೆ ಬಾಯಲ್ಲಿ ಸ್ಕ್ರೂಡ್ರೈವರ್ ಇರುವುದರಿಂದ ಯಾರೂ ಉತ್ತರ ಹೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ವಿದ್ಯೆಯೇ.

ನಮ್ಮ ಪಕ್ಕದ ಗ್ಯಾರೇಜಿನ ಮುದುಕ ಮೆಕ್ಯಾನಿಕ್ ಆಗಷ್ಟೇ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಿದ್ದ. ಅವನೂ ಕಚ್ಚಿದ. ಇಂಜಿನ್ ನಡುಗಿತು, ಸ್ಕ್ರೂಡ್ರೈವರ್ ನಡುಗಿತು, ಮೇಲಿನ ಹಲ್ಲು ಕಳಚಿ ಇಂಜಿನ್ನಿನ ಸಂದಿಯೊಳಗೆ ಬಿತ್ತು. ಅವನು ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡುತ್ತಿದ್ದರೆ ಗಾಡಿಯ ಮಾಲಕ "ಆತೇನಪಾ, ಛಲೋ ಆತು" ಎಂದು ಬಾನೆಟ್ ಮುಚ್ಚಿ ಹೊರಟೇಬಿಟ್ಟ. ಎರಡು ದಿನ ಬಿಟ್ಟು ಆ ಕಾರು ಆದೋನಿಗೆ ಹೋಗಿ ತಿರುಗಿ ಬಂದಾಗ ಹಲ್ಲು ಬ್ಯಾಟರಿಯ ಕೆಳಗೆ ಸಿಕ್ಕಿತು. ಆ ಮುದುಕ ಹುಟ್ಟಿದಾಗಿನಿಂದ ಆದೋನಿ ನೋಡಿದವನಲ್ಲ, ಅವನ ಹಲ್ಲು ಮಾತ್ರ ನೋಡಿಕೊಂಡು ಬಂತು.

ಕುಂಕುಮದ ಗುರುತು

ಹಲ್ಲಿನ ವಿದ್ಯೆಯೂ ಬಹಳ ದಿನ ನಡೆಯಲಿಲ್ಲ. ಒಂದು ಬೆಳಗ್ಗೆ ಮಾಮ ಸ್ಕ್ರೂಡ್ರೈವರ್ ಕಚ್ಚಿ ನಿಂತು, ಹಲ್ಲು ಬದಲಿಸಿ ಕಚ್ಚಿ, ಆಮೇಲೆ ಅದನ್ನು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟ. ಮತ್ತೆಂದೂ ಅದನ್ನು ಕಚ್ಚಲಿಲ್ಲ.

ಸಾಮಾನು ತರಲು ಮದರಾಸಿಗೆ ಹೋದಾಗ ಅಲ್ಲಿಯ ಒಂದು ದೊಡ್ಡ ಗ್ಯಾರೇಜಿನಲ್ಲಿ ನಾನು ವ್ಯಾಕ್ಯೂಮ್ ಗೇಜು ನೋಡಿದೆ. ಗೋಡೆ ಗಡಿಯಾರಕ್ಕಿಂತ ಚಿಕ್ಕದು, ಅಂಗೈಯಗಲ. ಒಂದು ರಬ್ಬರ್ ನಳಿಗೆಯಿಂದ ಅದನ್ನು ಇಂಜಿನ್ನಿಗೆ ಜೋಡಿಸಿದರೆ, ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೆದುಕೊಳ್ಳುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಸ್ಕ್ರೂ ತಿರುಗಿಸಿದಂತೆ ಮುಳ್ಳು ಏರುತ್ತದೆ, ಇಳಿಯುತ್ತದೆ. ಮುಳ್ಳು ಮೇಲೇರಿ ಅಲ್ಲಾಡದೆ ನಿಂತಿತೋ, ಪೆಟ್ರೋಲು ಗಾಳಿಯ ಹದ ಕೂಡಿತು ಎಂದು ಅರ್ಥ. ನೋಡಿದ ಕೂಡಲೇ ನನಗೆ ಮಾಮನ ನೆನಪಾಯಿತು. ಇದಕ್ಕೆ ಕಿವಿ ಬೇಡ.

ತಂದು ಒಂದು ಹಳೆಯ ಫಿಯೆಟ್ಟಿಗೆ ಜೋಡಿಸಿ ತೋರಿಸಿದೆ. ಮಾಮ ಸ್ಕ್ರೂ ತಿರುಗಿಸಿದ. ನಡುಗುತ್ತಿದ್ದ ಮುಳ್ಳು ಮೆಲ್ಲಗೆ ಮೇಲೇರಿ ನಿಂತಿತು. ಮಾಮ ಅದನ್ನೇ ನೋಡುತ್ತ ಇದ್ದ. "ಕೇಳಿದಂಗಾತು ನೋಡಲೇ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಆದರೆ ನಾನು ಅದನ್ನು ಸೈಲೆನ್ಸರಿನ ಹೊಗೆಯ ಮೇಲೆ ಹಾಕಿದೆ.

ಗೇಜು ಗಂಡನನ್ನು ಉಳಿಸಿತು ಎಂದು ಅಕ್ಕನಿಗೆ ಅದರ ಮೇಲೆ ದೇವರಷ್ಟೇ ಭಕ್ತಿ ಬಂತು. ಬುತ್ತಿ ತಂದಾಗಲೆಲ್ಲ ಅದಕ್ಕೆ ಕೈ ಮುಗಿಯುವಳು. ಆಯುಧಪೂಜೆಯ ದಿನ ಯಾರನ್ನೂ ಕೇಳದೆ ಗಾಜಿನ ಮೇಲೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಳು. ಅಂಕಿಗಳು ಒಂದೂ ಕಾಣದಾದವು. ಒರೆಸಲು ಹೋದರೆ ಅಕ್ಕ ಕಣ್ಣು ಕೆಂಪು ಮಾಡಿದಳು: "ಒರೆಸ್ತೀಯಾ? ನಿನ್ನ ಹಣಿ ಮ್ಯಾಲಿಂದು ಒರೆಸ್ಕೊ ಮೊದಲ!"

ಕಡೆಗೆ ಒಪ್ಪಂದವಾಯಿತು. ವಿಭೂತಿ ತೆಗೆದು, ಮುಳ್ಳು ಎಲ್ಲಿ ನಿಲ್ಲಬೇಕೋ ಆ ಜಾಗಕ್ಕೆ ಸರಿಯಾಗಿ ಅಕ್ಕ ಒಂದು ಬೊಟ್ಟು ಕುಂಕುಮ ಇಟ್ಟಳು. ಮುಳ್ಳು ಕುಂಕುಮಕ್ಕೆ ಮುಟ್ಟಿದರೆ ಗಾಡಿ ಸರಿ. ಗಿರಾಕಿಗಳಿಗೂ ಇದು ಬಹಳ ಹಿಡಿಸಿತು. "ನಮ್ಮ ಗಾಡಿ ಕುಂಕುಮಕ್ಕ ಬಂತೇನ್ರಿ?" ಎಂದು ಕೇಳುತ್ತಿದ್ದರು. ಕೊಳಗಲ್ಲಿನ ಗೌಡರೊಬ್ಬರು ತಮ್ಮ ಹಳೆಯ ಕಾರಿನ ಸ್ಪೀಡೋಮೀಟರಿಗೂ ಕೊನೆಯ ಅಂಕಿಯ ಹತ್ತಿರ ಕುಂಕುಮ ಇಡಿಸಿಕೊಂಡು ಹೋದರು. ಆ ಮುಳ್ಳಿಗೆ ಆ ಕುಂಕುಮದ ಯೋಗ ಕೊನೆಯವರೆಗೂ ಕೂಡಿ ಬರಲಿಲ್ಲ.

ಎರಡೂ ಕಡೆ ಇಳಿಜಾರು

ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ನಮ್ಮ ಕಾಯಂ ಗಿರಾಕಿ. ಅಂಬಾಸಡರ್ ಇಟ್ಟಿದ್ದರು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ರೂಢಿಯಾಗಿ, ಗುಟ್ಟು ಹೇಳಿದರೂ ಮೂರು ಅಂಗಡಿಗೆ ಕೇಳುತ್ತಿತ್ತು. ಬೈಯುವುದರಲ್ಲಿ ಎತ್ತಿದ ಕೈ. ನನಗೆ ಅವರನ್ನು ಕಂಡರೆ ಭಯವಾಗುತ್ತಿತ್ತು, ಏಕೆಂದರೆ ಮಾಮನ ಗುಟ್ಟು ಅವರಿಗೆ ಗೊತ್ತಾದರೆ ಸಿರುಗುಪ್ಪದಿಂದ ಬಳ್ಳಾರಿಯ ತನಕ ಡಂಗುರ ಸಾರಿದಂತೆಯೇ. ಮಾಮನಿಗೆ ಮಾತ್ರ ಅವರ ಭಯವೇ ಇರಲಿಲ್ಲ. ಅವರು ಬೈಯುವಾಗ ನಗುಮುಖದಿಂದ ನಿಂತಿರುತ್ತಿದ್ದ.

ನಮ್ಮ ಗೇಜು ನೋಡಿ ಸಾಹುಕಾರರಿಗೆ ಆಸೆಯಾಯಿತು. ತಮ್ಮ ಕಾರಿನಲ್ಲೂ, ಸೀಟಿನ ಎದುರಿಗೇ, ಒಂದು ಕೂಡಿಸಲೇಬೇಕು ಎಂದು ಹಟ ಹಿಡಿದರು. ಕೂಡಿಸಿದೆವು. "ಮುಳ್ಳು ಮ್ಯಾಲಿದ್ರ ಪೆಟ್ರೋಲು ಉಳೀತೈತ್ರಿ. ಆದರ ಗಾಡಿ ಎಳೆಯೋವಾಗ ಮುಳ್ಳು ಇಳಿಯೋದೇರಿ, ಅದಕ್ಕ ಗಾಬರಿ ಆಗಬ್ಯಾಡ್ರಿ," ಎಂದು ನಾನು ಬಿಡಿಸಿ ಹೇಳಿದೆ. ಅವರು ಮೊದಲನೆಯ ಮಾತು ಮಾತ್ರ ಕೇಳಿಸಿಕೊಂಡರು.

ಅವತ್ತಿನಿಂದ ಅವರ ಡ್ರೈವರನ ಗ್ರಹಚಾರ ಶುರುವಾಯಿತು. ಸಾಹುಕಾರರು ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ಬಿಟ್ಟು ಮುಳ್ಳನ್ನೇ ನೋಡುವರು. ಅವನು ಎಕ್ಸಲರೇಟರ್ ಒತ್ತಿದ ಕೂಡಲೇ ಮುಳ್ಳು ಇಳಿಯುವುದು. "ಇಳೀತು! ಇಳೀತು! ಕಾಲು ತೆಗಿಯಲೇ!" ಅವನು ಕಾಲು ತೆಗೆಯುವನು. ಮುಳ್ಳು ಏರುವುದು, ಕಾರು ನಿಲ್ಲುವುದು. ಹೀಗೆ ಸಿರುಗುಪ್ಪ ಬಿಟ್ಟ ಕಾರು ಬಳ್ಳಾರಿಗೆ ಬರುವಷ್ಟರಲ್ಲಿ ಭತ್ತದ ಬಂಡಿಗಳು ಹಿಂದೆ ಹಾಕಿ ಹೋಗುತ್ತಿದ್ದವು. ಒಬ್ಬ ಬಂಡಿಯವನು ಕನಿಕರದಿಂದ, "ಸಾಹುಕಾರ್ರ, ಹಗ್ಗ ಐತಿ, ಕಟ್ಕೊಂಡು ಎಳೀಲೇನ್ರಿ?" ಎಂದು ಕೇಳಿದನಂತೆ.

ಮಗಳಿಗೆ ಗಂಡು ನೋಡಲು ಸಾಹುಕಾರರು ಅದೇ ಕಾರಿನಲ್ಲಿ ಬಳ್ಳಾರಿಗೆ ಬಂದರು. ಅವರು ಮುಟ್ಟುವಷ್ಟರಲ್ಲಿ ಗಂಡಿನವರು ಕಾದು ಕಾದು, ಉಂಡು, ಚಾಪೆ ಹಾಸಿ ಮಲಗಿದ್ದರು. ಸಿಟ್ಟಿನಿಂದ ನೇರ ನಮ್ಮ ಗ್ಯಾರೇಜಿಗೆ ಬಂದು ಮಾಮನ ಮೇಲೆ ಹರಿಹಾಯ್ದರು. ಮಾಮ ನಗುತ್ತ ನಿಂತಿದ್ದ. ಬೈದು ದಣಿದ ಮೇಲೆ ಸಾಹುಕಾರರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು, ಎಂದರೆ ಎರಡೇ ಅಂಗಡಿಗೆ ಕೇಳುವಷ್ಟು: "ಇಳಿಜಾರಿನ್ಯಾಗ ಮುಳ್ಳು ಭಾಳ ಛಲೋ ನಿಂದರ್ತೈತಿ. ಸಿರುಗುಪ್ಪಕ್ಕ ಬ್ಯಾರೆ ರಸ್ತಿ ಐತೇನು, ಹೋಗೋವಾಗೂ ಇಳಿಜಾರು, ಬರೋವಾಗೂ ಇಳಿಜಾರು ಇರೋ ಅಂಥಾದ್ದು?"

ಕೇಳುವ ಮನುಷ್ಯ

ಗಿರಾಕಿಗಳು ಹೇಳುವುದು ಮಾಮನಿಗೆ ತಿಳಿಯಬೇಕಲ್ಲ, ಅದಕ್ಕೆ ನಾವು ಸನ್ನೆ ಮಾಡಿಕೊಂಡಿದ್ದೆವು. ನಾನು ಗಿರಾಕಿಯ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಹೊಟ್ಟೆ ಸವರಿಕೊಂಡರೆ ಗಾಡಿ ಪೆಟ್ರೋಲು ಬಹಳ ಕುಡಿಯುತ್ತದೆ ಎಂದು. ಬಾಯಿಗೆ ಮುಷ್ಟಿ ಹಿಡಿದರೆ ಕೆಮ್ಮುತ್ತದೆ ಎಂದು. ಗಿರಾಕಿ ಗಾಡಿಯ ಮಾತು ಬಿಟ್ಟು ಮನೆಯ ಮಾತು ಎತ್ತಿದರೆ ಅದಕ್ಕೆ ಸನ್ನೆ ಇರಲಿಲ್ಲ. ಆಗ ನಾನು ತಲೆ ಆಡಿಸುತ್ತಿದ್ದೆ, ನನ್ನನ್ನು ನೋಡಿ ಮಾಮನೂ ಆಡಿಸುತ್ತಿದ್ದ.

ಕುರುಗೋಡಿನ ಅಣ್ಣತಮ್ಮಂದಿರಿಬ್ಬರು ಪಾಲಿನಲ್ಲಿ ಒಂದು ಜೀಪು ಇಟ್ಟಿದ್ದರು. ಇಬ್ಬರೂ ಮುಖ ಗಂಟಿಕ್ಕಿಕೊಂಡು ಬಂದರು. ಗೇಜು ಹಚ್ಚಿ ಇಂಜಿನ್ ಚಾಲೂ ಮಾಡಿದೆವು.

"ಇವ ಜೀಪು ತಗೊಂಡು ದಿನಾ ಮಾವನ ಮನಿಗಿ ಹೋಗ್ತಾನ್ರಿ," ಎಂದ ಅಣ್ಣ.

"ಇವ ಜೀಪು ಊರ ಮಂದಿಗೆಲ್ಲಾ ದಾನ ಮಾಡ್ತಾನ್ರಿ," ಎಂದ ತಮ್ಮ.

ಮಾತಿಗೆ ಮಾತು ಬೆಳೆಯಿತು. ಜೀಪಿನಿಂದ ಹೊಲಕ್ಕೆ, ಹೊಲದಿಂದ ತಾಯಿಯ ಕೊನೆಯ ದಿನಗಳಿಗೆ ಹೋಯಿತು. ನಾನು ತಲೆ ಆಡಿಸಿದೆ. ಮಾಮ ಮುಳ್ಳಿನ ಮೇಲೆ ಕಣ್ಣಿಟ್ಟು, ಸ್ಕ್ರೂ ತಿರುಗಿಸುತ್ತ, ಇಬ್ಬರಿಗೂ ಸಮನಾಗಿ ತಲೆ ಆಡಿಸಿದ. ಅಡ್ಡ ಮಾತು ಆಡಲಿಲ್ಲ, ಬುದ್ಧಿ ಹೇಳಲಿಲ್ಲ. ತಾಯಿಯ ಮಾತು ಬಂದಾಗ ಅಣ್ಣನಿಗೆ ಅಳು ಬಂತು. ಅದೇ ವೇಳೆಗೆ ಮುಳ್ಳು ಕುಂಕುಮಕ್ಕೆ ನಿಂತದ್ದರಿಂದ ಮಾಮ ತಲೆ ಎತ್ತಿದ. ಎತ್ತಿದರೆ ಎದುರಿಗೆ ಗಂಡಸು ಅಳುತ್ತಿದ್ದಾನೆ. ಮಾಮನಿಗೆ ಏನು ಎತ್ತ ತಿಳಿಯದು. ಆದರೂ ಎಣ್ಣೆ ಕೈಯನ್ನೇ ಅವನ ಹೆಗಲ ಮೇಲೆ ಇಟ್ಟ. ಮಾಮನ ಕಣ್ಣೂ ತೇವವಾಯಿತು. ತಮ್ಮ ಅಣ್ಣನ ಕಾಲು ಹಿಡಿದ. ಬಿಳಿ ಅಂಗಿಯ ಮೇಲೆ ಐದು ಬೆರಳಿನ ಗ್ರೀಸು ಹೊತ್ತುಕೊಂಡು ಅಣ್ಣ ಜೀಪು ಹತ್ತಿದ.

ಮುಂದಿನ ವಾರ ಅದೇ ಅಣ್ಣ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಬಂದ. ಜೊತೆಗೆ ಒಬ್ಬ ಮಾವ, ಒಬ್ಬ ಅಳಿಯ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

"ಗಾಡಿ ಎಲ್ಲೈತ್ರಿ?" ಎಂದೆ.

"ಗಾಡಿ ಇಲ್ರಿ ಇವರಿಗೆ. ಮೇಸ್ತ್ರಿ ಮುಂದ ಒಂದೀಟು ಮಾತಾಡ್ಬೇಕಾಗೈತಿ."

"ಗಾಡಿ ಇಲ್ದ ಮೇಸ್ತ್ರಿ ಏನ್ ಮಾಡ್ತಾರ್ರಿ?"

"ನಮ್ಮ ಜೀಪು ತಂದೀನಲ್ರಿ. ಇಂಜಿನ್ ಚಾಲೂ ಮಾಡಿ ಆ ಮುಳ್ಳು ಹಚ್ರಿ. ಅದು ಇದ್ರನ ಅವರು ಪೂರಾ ಕೇಳ್ತಾರ." ಆಮೇಲೆ ನನ್ನ ಹತ್ತಿರ ಸರಿದು ಹೇಳಿದ: "ಊರಾಗ ಹೇಳೋರು ಭಾಳ ಮಂದಿ ಅದಾರ್ರಿ. ಕೇಳೋ ಮನಷ್ಯಾ ಅಂದ್ರ ಈ ಸೀಮಿಯಾಗ ನಿಮ್ಮ ಮೇಸ್ತ್ರಿ ಒಬ್ರೇ."

ಸತ್ಯನಾರಾಯಣಪೇಟೆಯ ಜಗಳ

ಅಕ್ಕ ಮಾಮ ಇದ್ದದ್ದು ಸತ್ಯನಾರಾಯಣಪೇಟೆಯ ಒಂದು ಸಾಲುಮನೆಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ತನ್ನ ದನಿ ತನಗೇ ಕೇಳದ ಮನುಷ್ಯ ಎಷ್ಟು ಜೋರಾಗಿ ಮಾತಾಡುತ್ತಾನೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಗ್ಯಾರೇಜಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಮನೆಯಲ್ಲಿ ಮಾತ್ರ, "ನೀರು ಕೊಡು" ಎಂದರೂ ಕೊಲೆಯಾದಂತೆ ಕೇಳುತ್ತಿತ್ತು.

"ಪಲ್ಯಾ ಏನ್ ಮಾಡೀ?" ಎಂದು ಮಾಮ ಗುಡುಗುವನು. ಅಕ್ಕ ತುಟಿ ಅಲ್ಲಾಡಿಸಿ, ಸದ್ದಿಲ್ಲದೆ ಬದನೆಕಾಯಿ ಅನ್ನುವಳು. "ಬದ್ನೀಕಾಯಿ?" ಎಂದು ಮಾಮ ಮತ್ತೆ ಗುಡುಗುವನು. ಪಕ್ಕದ ಮನೆಗಳಿಗೆ ಗಂಡನ ಅಬ್ಬರ ಮಾತ್ರ ಕೇಳುತ್ತಿತ್ತು. ಬದನೆಕಾಯಿಗೆ ಇಷ್ಟು ರಂಪ ಮಾಡುವ ಗಂಡ ಎಂಥವನು, ಅಥವಾ ಅಷ್ಟು ರಂಪ ಮಾಡಿಸುವ ಬದನೆಕಾಯಿ ಎಂಥದು ಎಂದು ಓಣಿಯಲ್ಲಿ ಚರ್ಚೆ ನಡೆಯಿತು. ಕಡೆಗೆ ತಪ್ಪು ಅಕ್ಕನದೇ ಎಂದಾಯಿತು. ಅಷ್ಟು ಒಳ್ಳೆಯ ಮೇಸ್ತ್ರಿ ಹೊರಗೆ ಯಾರಿಗೂ ಒಂದು ಮಾತು ಅನ್ನುವವನಲ್ಲ, ಹೆಂಡತಿಯೇ ಜಗಳಗಂಟಿ ಇರಬೇಕು.

ಕಿವಿಯ ವಿಷಯ ಹೇಳಿದ್ದರೆ ಒಂದು ನಿಮಿಷಕ್ಕೆ ಅವಳ ಮೇಲಿನ ಮಾತು ಹೋಗುತ್ತಿತ್ತು. ಅಕ್ಕ ಹೇಳಲಿಲ್ಲ. ನೀರಿಗೆ ಹೋದಾಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಅವಳು ಕೊಡ ತುಂಬಿಕೊಂಡು ಬರುತ್ತಿದ್ದಳು. "ಅನ್ಲಿ ಬಿಡು. ನನ್ನ ಮಾತು ಹೋದ್ರ ಹೋಗ್ಲಿ, ಅವರ ಕೈ ಕೆಲಸ ಉಳೀಲಿ," ಎಂದಳು ನನಗೆ.

ಒಂದು ಸಂಜೆ ನಾನು ಅಲ್ಲೇ ಊಟಕ್ಕೆ ಕುಳಿತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಮಾಮ ಅವಳ ಕೈಯನ್ನೇ ನೋಡುತ್ತಿದ್ದವನು ಮುಂದೆ ಬಾಗಿ, ರೊಟ್ಟಿ ಬಡಿಯುವ ಹಲಗೆಯ ಅಂಚಿಗೆ ಅಂಗೈ ಆನಿಸಿದ. "ಇಂಜಿನ್ ಸದ್ದಿಗೆ ಗೇಜು ಸಿಕ್ತು. ಈ ಸದ್ದಿಗೆ ಸಿಗಲಿಲ್ಲ," ಎಂದ. ಮೆಲ್ಲಗೆ ಹೇಳಿದೆನೆಂದು ಅವನು ತಿಳಿದಿರಬೇಕು, ಆದರೆ ಓಣಿಗೆಲ್ಲ ಕೇಳಿತು. ಅಕ್ಕ ತಲೆ ಎತ್ತಲಿಲ್ಲ. ಕೈ ಮಾತ್ರ ಇನ್ನಷ್ಟು ಜೋರಾಗಿ ಬಡಿಯಿತು, ಹಲಗೆ ನಡುಗಿ ಅವನ ಕೈಗೆ ಮುಟ್ಟಲಿ ಎಂದು. ರೊಟ್ಟಿ ಹರಿದು ಎರಡಾಯಿತು.

ಅಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಮನೆಯ ಅಜ್ಜಿ ಓಡಿ ಬಂದಳು. ಅಕ್ಕನ ಕಣ್ಣೀರು, ಹರಿದ ರೊಟ್ಟಿ ಎರಡನ್ನೂ ನೋಡಿ ಎಲ್ಲ ತಿಳಿದವಳಂತೆ ಪಕ್ಕದಲ್ಲಿ ಕುಳಿತಳು. "ಯವ್ವಾ, ಹಿರೇ ಮನಷ್ಯಾಳು ಹೇಳ್ತೀನಿ ಕೇಳು. ಗಂಡ ಒದರೋವಾಗ ನೀ ತಿರುಗಿ ಮಾತಾಡಬ್ಯಾಡ. ಸುಮ್ಕಿರು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅಳುತ್ತಲೇ ನಕ್ಕಳು. "ಮಾತಾಡಿದ್ರೂ ಅಷ್ಟ, ಸುಮ್ಕಿದ್ರೂ ಅಷ್ಟ ಬಿಡಬೇ ಅಜ್ಜಿ."

ಸದ್ದಿಲ್ಲದ ಕಾರು

ಇದೇ ಕೊನೆಯದು. ಒಂದು ಮಧ್ಯಾಹ್ನ ಜೀಪಿನ ಇಂಜಿನ್ನಿನ ಸಂದಿಗೆ ಹಾಕುವ ಗ್ಯಾಸ್ಕೆಟ್ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬರುವಾಗ ದೂರದಿಂದಲೇ ಹಾರ್ನು ಕೇಳಿಸಿತು. ಬಿಟ್ಟು ಬಿಟ್ಟು ಹೊಡೆಯುವ ಹಾರ್ನಲ್ಲ, ಒಂದೇ ಸಮನೆ ಕಿರಿಚುವ ಹಾರ್ನು. ಯಾವನೋ ಲಾರಿಯವನ ಸೊಕ್ಕು ಎಂದುಕೊಂಡು ಬಂದೆ. ಹತ್ತಿರ ಬಂದಂತೆ ಓಡತೊಡಗಿದೆ. ಸದ್ದು ನಮ್ಮ ಗ್ಯಾರೇಜಿನಿಂದ ಬರುತ್ತಿತ್ತು.

ಸಿರುಗುಪ್ಪದ ಸಾಹುಕಾರರ ಅಂಬಾಸಡರ್ ಬಾನೆಟ್ ತೆರೆದು ನಿಂತಿತ್ತು. ಎಲ್ಲೋ ವೈರು ಸವೆದು ತಗಡಿಗೆ ತಾಗಿ ಹಾರ್ನು ಹತ್ತಿಕೊಂಡಿತ್ತು. ಇಂಜಿನ್ನೂ ನಡೆಯುತ್ತಿತ್ತು. ಮಾಮ ಅದರ ಮೇಲೆ ಬಾಗಿ, ಗೇಜಿನ ಮೇಲೆ ಕಣ್ಣಿಟ್ಟು, ಎರಡು ಬೆರಳಲ್ಲಿ ಸ್ಕ್ರೂ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಇಡೀ ಗಾಡಿಯೇ ನಡುಗುತ್ತಿರುವಾಗ ಹಾರ್ನಿನ ನಡುಕ ಅವನ ಕೈಗೆ ಬೇರೆಯಾಗಿ ತಿಳಿಯಲಿಲ್ಲ. ಸುತ್ತ ಜನ ಸೇರಿದ್ದರು. ಎದುರಿನ ಚಹಾದಂಗಡಿಯವನು, ದರ್ಜಿ, ಪಕ್ಕದ ಗ್ಯಾರೇಜಿನವರು, ಸಾಹುಕಾರರ ಡ್ರೈವರು, ಎಲ್ಲರೂ ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದರು. ಮುಂದೆ ಸಾಹುಕಾರರು, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದರು.

ಓಡಿ ಹೋಗಿ ವೈರು ಕಿತ್ತರೆ, ಯಾಕೆ ಕಿತ್ತೆ ಎಂದು ಮಾಮ ಕೇಳುತ್ತಾನೆ, ಎಲ್ಲರ ಎದುರಿಗೆ ಗುಟ್ಟು ಹೊರಬೀಳುತ್ತದೆ. ಕೀಳದಿದ್ದರೆ ಹೇಗೂ ಹೊರಬೀಳುತ್ತಿದೆ. ನಾನು ಗ್ಯಾಸ್ಕೆಟ್ ಹಿಡಿದುಕೊಂಡು ಕಂಬದಂತೆ ನಿಂತೆ. ಮುಗಿಯಿತು, ನಾಳೆಯಿಂದ ಮಾಮ ಮನೆಯ ಮೂಲೆಯಲ್ಲಿ ಎಂದುಕೊಂಡೆ. ನನಗೆ ಅಳು ಬರುವುದೊಂದು ಬಾಕಿ.

ಮಾಮ ಸೊಂಟ ನೆಟ್ಟಗೆ ಮಾಡಿ ಎದ್ದ. ಮುಖದಲ್ಲಿ ಎಂಥ ಸಂತೋಷ! ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಸಾಹುಕಾರರಿಗೆ ಹೇಳಿದ: "ಕೇಳ್ರಿ ಸಾಹುಕಾರ್ರ, ಹೆಂಗೈತಿ ನೋಡ್ರಿ! ಇಂಜಿನ್ ನಡದೈತೋ ನಿಂತೈತೋ ಗೊತ್ತಾಗಂಗಿಲ್ಲ."

ಹಾರ್ನು ಕಿರಿಚುತ್ತಲೇ ಇತ್ತು. 

ಸಾಹುಕಾರರು ಮಾಮನನ್ನು ನೋಡಿದರು. ಮೆಲ್ಲಗೆ ಕಿವಿಯಿಂದ ಎರಡೂ ಕೈ ತೆಗೆದರು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಕೇಳುವವರಂತೆ ನಿಂತರು. "ಹೌದ್ರಿ ಮೇಸ್ತ್ರಿ," ಎಂದರು, ತುಟಿ ಬಿಡಿಬಿಡಿಯಾಗಿ ಅಲ್ಲಾಡಿಸಿ. "ಸದ್ದೇ ಇಲ್ಲ." ಆಮೇಲೆ ಜನರ ಕಡೆ ತಿರುಗಿ ಕಣ್ಣು ಬಿಟ್ಟರು. ದರ್ಜಿ ಕಿವಿಯಿಂದ ಬೆರಳು ತೆಗೆದ. ಚಹಾದಂಗಡಿಯವನು ತೆಗೆದ. ಒಬ್ಬೊಬ್ಬರಾಗಿ ಎಲ್ಲರೂ ಕೈ ಇಳಿಸಿ, ಆ ಕಿರಿಚಾಟದ ನಡುವೆ ತಂಪಾದ ಹಾಡು ಕೇಳುವವರಂತೆ ತಲೆ ಆಡಿಸಿದರು.

ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಒಂದು ಜಟಕಾ ಬಂತು. ಮನುಷ್ಯರಿಗೆ ಇರುವ ದಾಕ್ಷಿಣ್ಯ ಕುದುರೆಗೆ ಎಲ್ಲಿಂದ ಬರಬೇಕು? ಅದು ಕಿವಿ ಹಿಂದಕ್ಕೆ ಮಡಚಿ, ಮುಂಗಾಲೆತ್ತಿ ನಿಂತಿತು. ಜಟಕಾದವನು ಲಗಾಮು ಜಗ್ಗುತ್ತ, ನಮ್ಮ ಕಾರಿನ ಕಡೆ ಕೈ ತೋರಿಸಿ ಬಾಯಿ ತೆರೆದು ಒದರುತ್ತಿದ್ದ.

ಮಾಮ ಕುದುರೆಯನ್ನು ನೋಡಿದ. ಜಟಕಾದವನ ಕೈಯನ್ನು ನೋಡಿದ. ಆಮೇಲೆ ಬಾನೆಟ್ಟಿನ ಒಳಗೆ ನೋಡಿ, ಸಾವಕಾಶವಾಗಿ ಹಾರ್ನಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈ ಹಾಗೆಯೇ ಇತ್ತು. ಅವನ ಮುಖದ ಬಣ್ಣ ಇಳಿದುಹೋಯಿತು. ತಾನೇ ವೈರು ಕಿತ್ತ. ರಸ್ತೆಯೆಲ್ಲ ತಣ್ಣಗಾಯಿತು.

ಮಾಮ ಎಲ್ಲರ ಕಡೆ ತಿರುಗಿದ. "ನನಗ ಕಿವಿ ಕೇಳಂಗಿಲ್ರೀ," ಎಂದ. "ಭಾಳ ದಿನ ಆತು. ನಿಮ್ಮಿಂದ ಮುಚ್ಚಿಟ್ಟಿದ್ದೆ."

ಸಾಹುಕಾರರು ತಡೆಯಲಾರದೆ ತಮ್ಮ ಗಿರಣಿಯ ದನಿ ಎತ್ತಿದರು: "ಗೊತ್ತೈತ್ರೀ ಮೇಸ್ತ್ರಿ! ಮೊದ್ಲಿಂದ ಗೊತ್ತೈತಿ! ಸಿರುಗುಪ್ಪಕ್ಕ ಗೊತ್ತೈತಿ, ಕುರುಗೋಡಿಗೆ ಗೊತ್ತೈತಿ, ಎಲ್ಲಾರಿಗೂ ಗೊತ್ತೈತಿ!"

ಮೂರು ಅಂಗಡಿ ಆಚೆಯವರೂ ಹೊರಗೆ ಬಂದು ನೋಡಿದರು. ಮಾಮ ಮಾತ್ರ ನನ್ನ ಕಡೆ ತಿರುಗಿ, "ಏನಂತಾರಲೇ?" ಎಂದ.

ನನ್ನ ಗಂಟಲು ಕಟ್ಟಿತ್ತು. ಅದರಿಂದ ತೊಂದರೆಯೇನೂ ಆಗಲಿಲ್ಲ, ಅವನಿಗೆ ತುಟಿ ಕಂಡರೆ ಸಾಕಾಗಿತ್ತು. "ಎಲ್ಲಾರಿಗೂ ಮೊದ್ಲಿಂದ ಗೊತ್ತೈತಂತ ಮಾಮ," ಎಂದೆ.

ಮಾಮ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಅವನಿಗೆ ಸಿಟ್ಟು ಬಂತು. ರಸ್ತೆ ಅದುರುವಂತೆ ಕೇಳಿದ: "ಗೊತ್ತಿದ್ರ ಇಷ್ಟು ದಿನಾ ಒಬ್ರೂ ಯಾಕ ನನಗ ಹೇಳಲಿಲ್ಲ?"

ಚಹಾದಂಗಡಿಯವನು ಮಾಮನ ಹಳೆಯ ಗೆಳೆಯ. ಅವನೂ ಅಷ್ಟೇ ಸಿಟ್ಟಿನಿಂದ ಮುಂದೆ ಬಂದ. "ಹೇಳೀವಿ! ನಿನ್ನ ಮುಂದ ನಿಂತು ಬೇಕಾದಷ್ಟು ಸಲ ಹೇಳೀವಿ! ನಿನಗ ಕೇಳಲಿಲ್ಲ, ನಾವೇನ್ ಮಾಡೂನು?"

ಮೊದಲು ಸಾಹುಕಾರರ ಹೊಟ್ಟೆ ಕುಣಿಯಿತು. ದರ್ಜಿ ಕಣ್ಣೊರೆಸಿಕೊಂಡ. ಇಡೀ ರಸ್ತೆ ಬಿದ್ದು ಬಿದ್ದು ನಕ್ಕಿತು. ನಾನೂ ಅಳುತ್ತಲೇ ನಕ್ಕೆ. ಮಾಮ ನಮ್ಮೆಲ್ಲರನ್ನೂ ಪಿಳಿಪಿಳಿ ನೋಡುತ್ತ ನಡುವೆ ನಿಂತಿದ್ದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನು ಅವನ ಎದುರು ನಿಂತು ಚಹಾದಂಗಡಿಯವನ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದೆ.

ಆಗ ಮಾಮ ನಕ್ಕ. ರಸ್ತೆ ಸುಮ್ಮನಾಗಿತ್ತು, ಅವನೊಬ್ಬನೇ ನಗುತ್ತಿದ್ದ, ಕಣ್ಣಿಂದ ನೀರು ಇಳಿಯುವಷ್ಟು. ನಕ್ಕು ಮುಗಿದ ಮೇಲೆ ತೋಳಿನಿಂದ ಮುಖ ಒರೆಸಿಕೊಂಡು, ಸಾಹುಕಾರರ ಬಾನೆಟ್ ಮುಚ್ಚಿ, ಪಕ್ಕದಲ್ಲಿ ಕಾದಿದ್ದ ಜೀಪಿನ ಬಾನೆಟ್ ಎತ್ತಿದ.